ಸ್ವಿಚ್ಚಿಲ್ಲದ ದೀಪ

ಸೆಪ್ಟೆಂಬರ್ 4

ಅಕ್ಕಾ,

ತಲುಪಿದೆ. ಬದುಕಿದ್ದೇನೆ. ಡೀಸೆಲ್ ಡ್ರಮ್ಮುಗಳ ಮಧ್ಯೆ ಟ್ರ್ಯಾಕ್ಟರಿನಲ್ಲಿ ಕೂತು ಬಂದೆನಲ್ಲ, ನನ್ನ ಸೊಂಟ ಮಾತ್ರ ಇನ್ನೂ ದಾರಿಯಲ್ಲೇ ಎಲ್ಲೋ ಉಳಿದಿದೆ.

ಊರು ಎಂದರೆ ಎರಡು ಗುಡ್ಡಗಳ ನಡುವೆ ಒಂದು ಹಳ್ಳ. ಹಳ್ಳದ ಈಚೆ ಮೂವತ್ತೋ ಮೂವತ್ತೈದೋ ಮನೆ, ಆಚೆ ಒಂದೇ ಒಂದು. ಫೋನಿಗೆ ಸಿಗ್ನಲ್ ಇಲ್ಲ. ವಾರಕ್ಕೊಮ್ಮೆ ಡೀಸೆಲ್ ತರುವ ಟ್ರ್ಯಾಕ್ಟರೇ ಅಂಚೆಯನ್ನೂ ತರುತ್ತದೆ, ಒಯ್ಯುತ್ತದೆ. ಹಾಗಾಗಿ ಇನ್ನು ಮೇಲೆ ನಮ್ಮ ಜಗಳವೆಲ್ಲ ಕಾಗದದಲ್ಲೇ.

ಕೆಲಸ ಏನೆಂದು ಹೇಳುತ್ತೇನೆ. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಸೋಲಾರ್ ಪ್ಯಾನೆಲ್‌ಗಳು, ಪಕ್ಕದ ಕೋಣೆಯಲ್ಲಿ ಬ್ಯಾಟರಿಗಳು, ಬಿಸಿಲು ಕೈಕೊಟ್ಟ ದಿನಕ್ಕೆ ಒಂದು ಡೀಸೆಲ್ ಜನರೇಟರ್. ಈ ಮೂವರೂ ಕಚ್ಚಾಡದ ಹಾಗೆ ನೋಡಿಕೊಳ್ಳಲು ಒಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ನಾನು ಯಜಮಾನ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ಕರೆಂಟಿನ ವಿಷಯದಲ್ಲಿ ಇಲ್ಲಿ ನನ್ನ ಮಾತೇ ಮಾತು. ಆಗಲೇ ‘ಕರೆಂಟಣ್ಣ’ ಎಂದು ಹೆಸರಿಟ್ಟುಬಿಟ್ಟಿದ್ದಾರೆ.

ಇಲ್ಲಿ ಸೂಲಗಿತ್ತಿಯೊಬ್ಬರಿದ್ದಾರೆ. ಊರಿಗೆಲ್ಲ ದೊಡ್ಡಮ್ಮ, ಈಗ ನನಗೂ. ಹೊತ್ತು ಮುಳುಗುವಾಗ ಬಾಗಿಲಲ್ಲಿ ನಿಂತು ಊರನ್ನೆಲ್ಲ ನೋಡುತ್ತಾರೆ. ಒಂದೊಂದೇ ಮನೆಯಲ್ಲಿ ಸೀಮೆಎಣ್ಣೆ ದೀಪ ಹತ್ತುತ್ತದೆ, ಇವರ ತುಟಿ ಅಲ್ಲಾಡುತ್ತದೆ. ಹಳ್ಳದಾಚೆಯ ಮನೆಯದೂ ಹತ್ತಿದ ಮೇಲೆಯೇ ತಮ್ಮ ದೀಪ ಹಚ್ಚುವುದು. “ಎಣ್ಣೆ ಉಳಿಸೋದಾ ದೊಡ್ಡಮ್ಮ?” ಎಂದು ಕಿಚಾಯಿಸಿದೆ. “ಹ್ಞೂಂ ಕಣಪ್ಪಾ, ಮಹಾ ಜಿಪುಣಿ ನಾನು” ಎಂದು ನಕ್ಕರು.

ನಿನ್ನ ಭುಜದ ಗಂಟನ್ನು ಡಾಕ್ಟರಿಗೆ ತೋರಿಸಿದೆಯಾ? ಬಲಗೈ ಜೋಮು ಹಿಡಿಯುವುದು ಕಡಿಮೆಯಾಯಿತಾ? ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬರೆ. ಬೆಕ್ಕಿನ ಕಥೆ ಬೇಡ.

ನಿನ್ನ ಮೊಂಡ

*

ಸೆಪ್ಟೆಂಬರ್ 10

ಮೊಂಡಾ,

ನಿನ್ನ ಕಾಗದ ಮೊದಲು ಕೆಳಗಿನ ಇಸ್ತ್ರಿಯವನ ಕೈಗೆ ಸಿಕ್ಕಿತು. ಅವನು ಅದರ ಮೇಲೂ ಒಂದು ಸಲ ಪೆಟ್ಟಿಗೆ ಎಳೆದು, ಗರಿಗರಿ ಮಾಡಿ ಮಹಡಿ ಹತ್ತಿ ತಂದುಕೊಟ್ಟ. ಒಳ್ಳೆಯ ಮನುಷ್ಯ, ಆದರೆ ಗಿರಾಕಿಗಳು ದಿನಾ ಬೈಯುತ್ತಾರೆ. ಬಟ್ಟೆ ಗುಡ್ಡೆಯಲ್ಲಿ ಮೇಲಿದ್ದದ್ದೇ ಮೊದಲು ಎತ್ತುತ್ತಾನೆ. ಮೊನ್ನೆ ಕೊಟ್ಟವನು ಇವತ್ತೂ ಕಾಯುತ್ತಿರುತ್ತಾನೆ, ಈಗ ಕೊಟ್ಟವನು ಹಾಕಿಕೊಂಡು ಹೊರಟೇ ಹೋಗುತ್ತಾನೆ. ಹೇಳಿದರೆ “ಅಕ್ಕಾವ್ರೇ, ಕೆಳಗಿಂದ ಎಳೆದ್ರೆ ಗುಡ್ಡೆ ಬೀಳಲ್ವಾ?” ಎಂದು ನನ್ನನ್ನೇ ಕೇಳುತ್ತಾನೆ.

ನೆಟ್ಟಗೆ ಉತ್ತರ: ಗಂಟು ತೋರಿಸಿದೆ. ಕೊಬ್ಬಿನ ಗಂಟಂತೆ. ಅದರ ಪಾಡಿಗೆ ಅದು ಇರಲಿ ಅಂದರು. ಜೋಮು ಹೊಲಿಗೆಯಿಂದ ಬಂದದ್ದು. ದಿನವಿಡೀ ಮಿಷನ್ನಿನ ಮುಂದೆ ಕೂತವರಿಗೆ ಜೋಮು ಬರದೆ ಇನ್ನೇನು ಬರಬೇಕು? ಶಾಲೆಯ ಸಮವಸ್ತ್ರದ ಆರ್ಡರ್ ಬಂದಿದೆ, ಕೋಣೆಯ ತುಂಬ ನೀಲಿ ಬಟ್ಟೆ.

ಬೇಡ ಅಂದೆಯಲ್ಲ, ಅದಕ್ಕೇ ಹೇಳುತ್ತೇನೆ: ಬೆಕ್ಕು ಚಿಂದಿ ಬುಟ್ಟಿಯನ್ನು ಪೂರ್ತಿ ತನ್ನದು ಮಾಡಿಕೊಂಡಿದೆ.

ಆ ಸೂಲಗಿತ್ತಿ ಜಿಪುಣಿ ಇರಲಾರರು ಕಣೋ. ಎಣ್ಣೆ ಉಳಿಸುವವರು ಬೇಗ ಮಲಗುತ್ತಾರೆ, ಬಾಗಿಲಲ್ಲಿ ನಿಂತು ಊರು ನೋಡುವುದಿಲ್ಲ. ಸರಿಯಾಗಿ ಕೇಳಿ ನೋಡು. ಹತ್ತು ಸಲ ಅಳೆ, ಒಂದು ಸಲ ಕತ್ತರಿಸು.

ಅಕ್ಕ

*

ಸೆಪ್ಟೆಂಬರ್ 18

ಅಕ್ಕಾ,

ದೊಡ್ಡಮ್ಮನನ್ನು ಕೇಳಲು ಪುರುಸೊತ್ತಾಗಲಿಲ್ಲ. ಆದರೆ ಅವರ ಗುಟ್ಟು ತಾನಾಗಿಯೇ ಬಯಲಾಯಿತು! ತಾಳು, ಮೊದಲು ನನ್ನ ಹೆಚ್ಚುಗಾರಿಕೆ ಕೇಳು.

ಇಂಥ ಊರುಗಳಲ್ಲಿ ಯಾವಾಗಲೂ ಒಂದೇ ಗೋಳು. ಯಾರೋ ಒಬ್ಬರು ರಾತ್ರಿಯಿಡೀ ದೀಪ ಉರಿಸುತ್ತಾರೆ, ಬ್ಯಾಟರಿ ಬರಿದಾಗುತ್ತದೆ, ಬೆಳಗ್ಗೆ ಎಲ್ಲರೂ ಸೇರಿ ಕಂಪನಿಗೆ ಬೈಯುತ್ತಾರೆ. ನಾನೊಂದು ಉಪಾಯ ಮಾಡಿದೆ. ಮನೆಗಳಲ್ಲಿ ಸ್ವಿಚ್ಚೇ ಇಲ್ಲ! ನನ್ನ ಪೆಟ್ಟಿಗೆಯಲ್ಲಿ ಒಂದು ಟೈಮರ್. ಹೊತ್ತು ಮುಳುಗುತ್ತಲೇ ಇಡೀ ಊರಿನ ದೀಪ ಒಟ್ಟಿಗೆ ಹತ್ತುತ್ತದೆ, ಊಟ ಮುಗಿದು ಮಲಗುವ ಹೊತ್ತಿಗೆ ಒಟ್ಟಿಗೆ ಆರುತ್ತದೆ. ಯಾರೂ ಏಳುವುದು ಬೇಡ, ಕತ್ತಲಲ್ಲಿ ಬೆಂಕಿಪೆಟ್ಟಿಗೆ ತಡಕುವುದು ಬೇಡ. ಕಂಪನಿಯ ದೊಡ್ಡವರು ಮೆಚ್ಚಿ ಬರೆದಿದ್ದಾರೆ. ಒಡೆಯದಿರಲಿ ಎಂದು ಪ್ರತಿ ಬಲ್ಬಿಗೂ ಗಟ್ಟಿ ತಂತಿಯ ಬುಟ್ಟಿ ಕಟ್ಟಿಸುತ್ತಿದ್ದೇನೆ.

ಊರಿಗೆ ಊರೇ ಒಪ್ಪಿತು, ಒಬ್ಬರನ್ನು ಬಿಟ್ಟು. ಹಳ್ಳದಾಚೆಯ ಒಂಟಿ ಮನೆಯಲ್ಲಿ ಹಗ್ಗ ಹೊಸೆಯುವವರಿದ್ದಾರೆ, ಎಲ್ಲರ ಬಾಯಲ್ಲೂ ಹಗ್ಗದ ಮಾವ. ಐವತ್ತರ ಮೇಲೆ ವಯಸ್ಸು, ಮದುವೆಯಿಲ್ಲ, ಮಾತು ಮಾತ್ರ ಹುರಿ ಬಿಚ್ಚಿದಷ್ಟೂ ಉದ್ದ. ತಂತಿ ಬುಟ್ಟಿ ನೋಡಿ “ಇದೇನ್ ತಪ್ಪು ಮಾಡ್ತು ಅಂತ ಜೈಲಿಗೆ ಹಾಕ್ತಿದೀಯಾ?” ಅಂದರು. ನಗಾಡಿ ಸುಮ್ಮನಾಗುತ್ತಾರೆ ಎಂದುಕೊಂಡೆ. ಇಲ್ಲ.

“ನನ್ ಮನೆಗೊಂದು ಸ್ವಿಚ್ಚು ಹಾಕು. ನನ್ ದೀಪ ನಾನೇ ಹಚ್ಚಬೇಕು.”

“ಯಾಕೆ ಮಾವ? ಅದೇ ಹತ್ತುತ್ತಲ್ಲ?”

“ಅದೇ ಹತ್ತಿದ್ರೆ ಏನು ಬಂತು? ನಾನು ಹಚ್ಚಬೇಕು, ಅವಳು ನೋಡಬೇಕು.”

‘ಅವಳು’ ಎಂದರೆ ಯಾರು ಹೇಳು ನೋಡೋಣ. ದೊಡ್ಡಮ್ಮ! ಗಂಡ ಹೋಗಿ ಎಷ್ಟೋ ವರ್ಷವಾದ ಹೆಂಗಸು, ಮದುವೆಯಾಗದ ಗಂಡಸು, ನಡುವೆ ಒಂದು ಹಳ್ಳ, ಸಂಜೆಗೊಂದು ದೀಪ. ನನಗೆ ಹೊಟ್ಟೆ ಹಿಡಿದು ನಗುವ ಹಾಗಾಯಿತು. “ಹಾಗಿದ್ರೆ ಹಗಲೇ ಹೋಗಿ ಮಾತಾಡ್ಸಿ ಮಾವ” ಅಂದೆ. ಮುಖ ಕೆಂಪಗಾಗಿ ಹಗ್ಗ ಹೊಸೆಯತೊಡಗಿದರು. ಒಬ್ಬರಿಗೆ ಸ್ವಿಚ್ಚು ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಕೊಡಲಿಲ್ಲ.

ನಿನ್ನ ಗಂಟಿನ ವಿಷಯದಲ್ಲಿ ಇನ್ನೊಬ್ಬ ಡಾಕ್ಟರನ್ನೂ ಕೇಳು.

ಮೊಂಡ

*

ಸೆಪ್ಟೆಂಬರ್ 25

ಮೊಂಡಾ,

ನಿನ್ನ ಹಗ್ಗದ ಮಾವನ ಕಥೆ ಓದಿ ನಾನೂ ನಕ್ಕೆ, ಇಸ್ತ್ರಿಯವನಿಗೂ ಓದಿ ಹೇಳಿದೆ. ಆದರೆ ಸ್ವಿಚ್ಚಿಲ್ಲದ ಮನೆ ನನಗೆ ಬೇಡಪ್ಪಾ. ಬೆನ್ನಿಗೆ ಗುಂಡಿಯಿರುವ ಅಂಗಿ ಹಾಕಿಕೊಂಡ ಹಾಗೆ, ಹಾಕಲೂ ಇನ್ನೊಬ್ಬರು ಬೇಕು, ತೆಗೆಯಲೂ ಇನ್ನೊಬ್ಬರು ಬೇಕು. ಆ ಮನುಷ್ಯ ನಾಚಿಕೊಂಡರು ಎಂದ ಮಾತ್ರಕ್ಕೆ ಅವರು ಹೇಳಿದ್ದೆಲ್ಲ ತಮಾಷೆಯಲ್ಲ. ಇನ್ನೊಮ್ಮೆ ಕೂತು ಕೇಳು. ಕೇಳುವುದಕ್ಕೆ ದುಡ್ಡು ಕೊಡಬೇಕಾ?

ಇನ್ನೊಂದು ಮಾತು. ಸಮವಸ್ತ್ರದ ಕೆಲಸ ಕುತ್ತಿಗೆಗೆ ಬಂದಿದೆ. ಮುಂದಿನ ಕೆಲವು ವಾರ ನನ್ನ ಕಾಗದ ಚಿಕ್ಕದಾಗಿದ್ದರೆ, ನೀನು ಕೇಳಿದ್ದಕ್ಕೆಲ್ಲ ಉತ್ತರ ಇಲ್ಲದಿದ್ದರೆ, ಮುಖ ಊದಿಸಿಕೊಂಡು ಕೂರಬೇಡ. ವಾರಕ್ಕೊಂದು ಕಾಗದ ಮಾತ್ರ ತಪ್ಪಿಸುವುದಿಲ್ಲ. ಕಾಗದ ಬಂತು ಎಂದರೆ ಅಕ್ಕ ಚೆನ್ನಾಗಿದ್ದಾಳೆ ಎಂದು ತಿಳಿದುಕೋ.

ಮತ್ತೆ ಆ ಕೆಲಸವನ್ನು ಪೂರ್ತಿ ಮುಗಿಸಿಯೇ ಬಾ. ಅಮ್ಮ ಮಲಗಿದಾಗ ಓದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದೆ. ಅಮ್ಮನೂ ಉಳಿಯಲಿಲ್ಲ, ನಿನ್ನ ಓದೂ ಉಳಿಯಲಿಲ್ಲ. ಹತ್ತು ವರ್ಷ ಅವರಿವರ ಕೈಕೆಳಗೆ ತಂತಿ ಎಳೆದ ಮೇಲೆ ಈಗ ಒಂದು ಊರನ್ನು ನಿನ್ನ ಕೈಗೆ ಕೊಟ್ಟಿದ್ದಾರೆ. ಇದನ್ನೂ ಯಾವುದೋ ನೆಪಕ್ಕೆ ಬಿಟ್ಟು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ, ನೋಡು.

ಅಕ್ಕ

*

ಅಕ್ಟೋಬರ್ 2

ಅಕ್ಕಾ,

ಹತ್ತಿತು! ನಿನ್ನೆ ಸಂಜೆ ಇಡೀ ಊರು ಬಯಲಿನಲ್ಲಿ ಸೇರಿತ್ತು. ನಾನು ಸುಮ್ಮನೆ ಕೈಕಟ್ಟಿ ನಿಂತಿದ್ದೆ. ಟೈಮರ್ ಟಕ್ ಎಂದಿತು, ಮೂವತ್ತು ಚಿಲ್ಲರೆ ಮನೆ ಒಂದೇ ಉಸಿರಿಗೆ ಬೆಳ್ಳಗಾದವು. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ಒಬ್ಬ ಅಜ್ಜ ಗೋಡೆಯ ಮೇಲಿನ ತನ್ನ ನೆರಳನ್ನೇ ನೋಡುತ್ತ ನಿಂತುಬಿಟ್ಟ, ಇಷ್ಟು ಕಪ್ಪಗಿನ ನೆರಳು ತನಗಿದೆ ಎಂದೇ ಗೊತ್ತಿರಲಿಲ್ಲವಂತೆ. ನನಗೆ ಅಳು ಬಂತು ಅಕ್ಕಾ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅಮ್ಮ ಇರಬೇಕಿತ್ತು.

ದೊಡ್ಡಮ್ಮ ಅಭ್ಯಾಸಬಲದಿಂದ ಬಾಗಿಲಿಗೆ ಬಂದರು. ನೋಡಲು ಏನೂ ಉಳಿದಿರಲಿಲ್ಲ, ಎಲ್ಲವೂ ಹತ್ತಿಯಾಗಿತ್ತು. ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು.

ಹಗ್ಗದ ಮಾವ ಜಗಳ ಮರೆತು ನಿನಗೊಂದು ಉಡುಗೊರೆ ಕೊಟ್ಟಿದ್ದಾರೆ. ಅಕ್ಕ ಬಟ್ಟೆ ಹೊಲಿಯುತ್ತಾಳೆ ಎಂದಿದ್ದೆ, “ಹಾಗಾದ್ರೆ ಒಣಹಾಕೋಕೆ ಹಗ್ಗ ಬೇಕಲ್ಲ” ಎಂದು ಅರ್ಧ ದಿನ ಕೂತು ಹೊಸೆದರು. “ಎಮ್ಮೆ ಕಟ್ಟಿದ್ರೂ ತಡೆಯುತ್ತೆ ಅಂತ ಬರಿ” ಅಂದರು. ಇದೇ ಟ್ರ್ಯಾಕ್ಟರಿನಲ್ಲಿ ಕಳಿಸಿದ್ದೇನೆ. ತಲುಪಿದ ಕೂಡಲೇ ಒಂದು ಸಾಲು ಬರೆ. ಅವರು ದಿನಾ ಕೇಳುತ್ತಾರೆ.

ಮೊಂಡ

*

ಅಕ್ಟೋಬರ್ 19

ಮೊಂಡಾ,

ನಾನು ಚೆನ್ನಾಗಿದ್ದೇನೆ. ಇಷ್ಟರಲ್ಲಿ ನಿನ್ನ ದೀಪಗಳು ಹತ್ತಿರಬೇಕು. ಊರವರು ನಿನ್ನನ್ನು ಹೊತ್ತು ಮೆರೆಸಿರಬೇಕು. ನನಗೆ ತುಂಬ ಖುಷಿ.

ಬೆಕ್ಕಿನ ಮರಿಗಳು ಈಗ ಕೋಣೆಯ ತುಂಬ ಓಡಾಡುತ್ತಿವೆ. ಮಿಷನ್ನಿನ ಪೆಡಲ್ಲಿನ ಮೇಲೆ ಕೂತು ಉಯ್ಯಾಲೆ ಆಡುತ್ತವೆ. ನಾನು ತುಳಿದರೆ ಅವೂ ಮೇಲೆ ಕೆಳಗೆ. ಒಂದಕ್ಕೆ ನಿನ್ನ ಹೆಸರೇ ಇಟ್ಟಿದ್ದೇನೆ, ಹೇಳಿದ್ದು ಕೇಳುವುದಿಲ್ಲ.

ಸಮವಸ್ತ್ರ ಹೆಚ್ಚುಕಡಿಮೆ ಮುಗಿಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಅಕ್ಟೋಬರ್ 9

ಅಕ್ಕಾ,

ಇವತ್ತಿನ್ನೂ ಒಂಬತ್ತನೇ ತಾರೀಕು. ನಿನ್ನ ಕಾಗದದ ಮೇಲೆ ಹತ್ತೊಂಬತ್ತು! ಹತ್ತು ಸಲ ಅಳೆಯುವವಳು ಹತ್ತು ದಿನ ಮುಂದೆ ಓಡಿದ್ದೀಯಲ್ಲ. ನೀಲಿ ಬಟ್ಟೆ ನೋಡಿ ನೋಡಿ ತಲೆ ಕೆಟ್ಟಿರಬೇಕು. ಟ್ರ್ಯಾಕ್ಟರಿನವನಿಗೆ ತೋರಿಸಿದೆ. “ನಿಮ್ಮಕ್ಕ ನಾಳೆದೂ ಇವತ್ತೇ ಹೊಲಿದುಬಿಡ್ತಾರೆ ಬಿಡಿ” ಎಂದು ನಕ್ಕ.

ಅದಿರಲಿ, ಯಾವ ಮರಿ? ಬೆಕ್ಕು ಮರಿ ಹಾಕಿದ್ದನ್ನೇ ನೀನು ಬರೆದಿಲ್ಲ. ಒಂದು ಕಾಗದ ನಡುವೆ ಕಳೆದುಹೋಯಿತೋ ಏನೋ. ಹಗ್ಗ ತಲುಪಿತಾ? ಅದರ ಬಗ್ಗೆ ಒಂದಕ್ಷರವೂ ಇಲ್ಲ. ಮಾವನಿಗೆ “ಅಕ್ಕನಿಗೆ ಬಹಳ ಇಷ್ಟವಾಯ್ತಂತೆ” ಎಂದು ಸುಳ್ಳು ಹೇಳಿದ್ದೇನೆ. ಮುಖ ಅರಳಿತು.

ಇಲ್ಲಿ ಮಂಜು ಶುರುವಾಗಿದೆ. ಹಗಲಲ್ಲೂ ಹತ್ತು ಮಾರು ಆಚೆ ಕಾಣುವುದಿಲ್ಲ. ಪ್ಯಾನೆಲ್‌ಗಳು ಉಪವಾಸ, ಜನರೇಟರಿಗೆ ಬಿಡುವಿಲ್ಲ. ಜನ ಒಳಗೇ ಬೆಚ್ಚಗೆ ಕೂತಿದ್ದಾರೆ. ಆದರೆ ದೀಪ ಒಂದು ಸಂಜೆಯೂ ತಪ್ಪಿಲ್ಲ. ಮಂಜಿನೊಳಗೆ ಹಳ್ಳದಾಚೆಯ ಬೆಳಕೂ ಮಸಕಾಗಿ ಕಾಣುತ್ತದೆ. “ನೋಡಿ ದೊಡ್ಡಮ್ಮ, ನಿಮ್ಮವರ ದೀಪ!” ಎಂದು ರೇಗಿಸಿದೆ. ಹೊಡೆಯಲು ಬಂದರು.

ಗಂಟಿನ ಬಗ್ಗೆ ಇನ್ನೊಬ್ಬ ಡಾಕ್ಟರನ್ನು ಕೇಳಿದೆಯಾ? ಎರಡನೇ ಸಲ ಕೇಳುತ್ತಿದ್ದೇನೆ.

ಮೊಂಡ

*

ಅಕ್ಟೋಬರ್ 12

ಮೊಂಡಾ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರುತ್ತೀ ಎಂದುಕೊಂಡಿದ್ದೇನೆ.

ಮರಿಗಳು ಕಣ್ಣು ಬಿಟ್ಟಿವೆ. ಮೊದಲು ನೋಡಿದ್ದು ನನ್ನನ್ನೇ ಇರಬೇಕು, ಹೆದರಿ ತಾಯಿಯ ಹೊಟ್ಟೆಯಡಿ ನುಗ್ಗಿದವು. ಇಸ್ತ್ರಿಯವನು ಅವುಗಳಿಗೆ ಹಾಸಲು ಸುಟ್ಟ ಲುಂಗಿಯೊಂದನ್ನು ಕೊಟ್ಟಿದ್ದಾನೆ. ಯಾವ ಗಿರಾಕಿಯದೋ ಪಾಪ, ಇನ್ನೂ ಕಾಯುತ್ತಿರಬಹುದು.

ಇಲ್ಲಿ ಮೇಲೊಂದು ಸಾಲನ್ನು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಏನಿಲ್ಲ, ಅಕ್ಷರ ಕೆಟ್ಟಿತ್ತು.

ಕೆಲಸ ಮುಗಿಸಿಯೇ ಬಾ.

ಅಕ್ಕ

*

ಅಕ್ಟೋಬರ್ 16

ಅಕ್ಕಾ,

ನಿನ್ನ ಕಾಗದ ಬಂತು. ನೀನು ಚೆನ್ನಾಗಿರುವುದು ತಿಳಿದು ಸಮಾಧಾನ.

ಇಲ್ಲಿ ಒಬ್ಬರು ತೀರಿಕೊಂಡರು. ವಯಸ್ಸಾಗಿತ್ತು. ಹೆಚ್ಚು ಬರೆಯಲು ಮನಸ್ಸಿಲ್ಲ. ಮಂಜು ಹೋಗಿದೆ, ಬಿಸಿಲು ಚೆನ್ನಾಗಿದೆ, ಯಂತ್ರಗಳೆಲ್ಲ ಸರಿಯಾಗಿವೆ. ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿದೆ.

ಆ ಹಗ್ಗ ತಲುಪಿದ್ದರೆ ಬಟ್ಟೆ ಹಾಕಬೇಡ. ತೆಗೆದಿಡು.

ಮೊಂಡ

*

ಅಕ್ಟೋಬರ್ 5

ಮೊಂಡಾ,

ನಾನು ಚೆನ್ನಾಗಿದ್ದೇನೆ. ದೊಡ್ಡ ಸುದ್ದಿ ಕೇಳು: ನಮ್ಮ ಬೆಕ್ಕು ಮರಿ ಹಾಕಿದೆ! ಚಿಂದಿ ಬುಟ್ಟಿಯಲ್ಲಿ, ನೀಲಿ ತುಂಡುಗಳ ಮೇಲೆ ಮೂರು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ. ಇನ್ನು ಚಿಂದಿ ಹಾಕಲು ಬೇರೆ ಬುಟ್ಟಿ ಹುಡುಕಬೇಕು.

ನಿನ್ನ ದೀಪ ಹತ್ತುವ ದಿನ ಹತ್ತಿರ ಬಂತಲ್ಲವೇ? ಆ ಸಂಜೆ ನನ್ನನ್ನೂ ನೆನೆಸಿಕೋ. ನಾನು ಇಲ್ಲೇ ಕಿಟಕಿಯಲ್ಲಿ ಕೂತು ನೋಡಿದ ಹಾಗೆ ಅಂದುಕೊಳ್ಳುತ್ತೇನೆ. ಇನ್ನೇನು ವಿಶೇಷವಿಲ್ಲ, ಹೊಲಿಗೆಯೋ ಹೊಲಿಗೆ.

ಅಕ್ಕ

*

ಅಕ್ಟೋಬರ್ 24

ಅಕ್ಕಾ,

ಮೊದಲು ನನ್ನ ಸುಳ್ಳು. ಆಮೇಲೆ ನಿನ್ನದು.

ತೀರಿಕೊಂಡವರು ಹಗ್ಗದ ಮಾವ. ವಯಸ್ಸಾಗಿ ಅಲ್ಲ. ಮಂಜು ಕವಿದಿದ್ದ ಆ ವಾರ ಅಟ್ಟದಿಂದ ನಾರಿನ ಹೊರೆ ಇಳಿಸಲು ಏಣಿ ಹತ್ತಿದ್ದಾರೆ, ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿದೆ. ಕೂಗಿದರೆ ಹಳ್ಳದ ಸದ್ದು ದಾಟಿ ಈಚೆಗೆ ಕೇಳುವುದಿಲ್ಲ. ಹಾಗೇ ಬಿದ್ದಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ. ನಾಲ್ಕನೆಯ ದಿನ ಮಂಜು ಹರಿದಾಗ ಅವರ ಒಲೆಯ ಹೊಗೆ ಕಾಣಲಿಲ್ಲವೆಂದು ದೊಡ್ಡಮ್ಮ ಹಳ್ಳ ದಾಟಿ ಓಡಿದರು. ನಾನೂ ಹಿಂದೆ ಓಡಿದೆ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ದೊಡ್ಡಮ್ಮ ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇಷ್ಟೇ ಅಂದರು: “ಮೊದ್ಲೆಲ್ಲ ಒಂದು ಮನೆ ದೀಪ ಹತ್ತದಿದ್ರೆ ಓಡ್ತಿದ್ದೆ ಕಣಪ್ಪಾ. ಹತ್ತಿತು ಅಂದ್ರೆ ಮನುಷ್ಯ ಎದ್ದು ಓಡಾಡ್ತಿದಾನೆ ಅಂತ. ನಮ್ಮತ್ತೆ ಕಾಲದಿಂದ ಹಾಗೇ. ಇವನದ್ದು ದಿನಾ ಹತ್ತಿತ್ತಲ್ಲ. ಹೊತ್ತಿಗೆ ಸರಿಯಾಗಿ ಹತ್ತಿತ್ತಲ್ಲ.”

ನೀನು ಎರಡು ಸಲ ಬರೆದೆ, ಕೇಳು ಕೇಳು ಎಂದು. ನಾನು ಪ್ರೇಮಕಥೆ ಕಟ್ಟಿ ನಕ್ಕೆ.

ಇನ್ನೊಂದು ವಿಷಯ ದೊಡ್ಡಮ್ಮನಿಗೆ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತೇನೆ. ಬಲ್ಬಿನ ಕೆಳಗೆ, ಗೋಡೆಯ ಬುಡದಲ್ಲಿ, ಕೈಗೆ ಸಿಕ್ಕಿದ್ದೆಲ್ಲ ಬಿದ್ದಿತ್ತು. ಎರಡು ಚಪ್ಪಲಿ, ನೀರಿನ ಲೋಟ, ಹಗ್ಗ ಹೊಸೆಯುವ ಮರದ ಹಿಡಿಗಳು. ಮೊದಲು ಅರ್ಥವಾಗಲಿಲ್ಲ. ತಲೆಯೆತ್ತಿ ನೋಡಿದರೆ ತಂತಿಯ ಬುಟ್ಟಿ ನಾಲ್ಕು ಕಡೆ ನೆಗ್ಗಿಹೋಗಿತ್ತು. ಬಿದ್ದಲ್ಲಿಂದಲೇ ಎಸೆದಿದ್ದಾರೆ ಅಕ್ಕಾ. ದೀಪ ಒಡೆಯಲು. ಮನೆ ಕತ್ತಲಾದರೆ ಅವಳು ಬರುತ್ತಾಳೆ ಎಂದು. ಬಲ್ಬಿಗೆ ಏನೂ ಆಗಿರಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದೆ. ಆ ಸಂಜೆಯೂ ಹೊತ್ತಿಗೆ ಸರಿಯಾಗಿ ಹತ್ತಿತು.

ನಾನೇ ಕೊಂದೆ. ಕಂಪನಿಯವರು ಹಾಗನ್ನುವುದಿಲ್ಲ, ಊರವರೂ ಅನ್ನುವುದಿಲ್ಲ, ಅದಕ್ಕೇ ನಾನೇ ಅಂದುಕೊಳ್ಳುತ್ತಿದ್ದೇನೆ. ವಿಚಾರಣೆಯವರು ಬಂದು ಹೇಳಿಕೆ ಪಡೆಯುವ ತನಕ ಊರು ಬಿಡಬಾರದು ಎಂದು ಆಜ್ಞೆಯಾಗಿದೆ. ಟೈಮರನ್ನು ಕಿತ್ತು ಹಾಕಿದ್ದೇನೆ. ಮನೆ ಮನೆಗೆ ಹೋಗಿ ಸ್ವಿಚ್ಚು ಕೂರಿಸುತ್ತಿದ್ದೇನೆ. ಹಳ್ಳದಾಚೆಯ ಮನೆಗೆ ಮೊದಲು ಕೂರಿಸಿದೆ, ಯಾರಿಗೆಂದು ಗೊತ್ತಿಲ್ಲ. ಈಗ ಸಂಜೆ ದೀಪಗಳು ಮತ್ತೆ ಹಿಂದೆ ಮುಂದೆ, ಒಂದೊಂದಾಗಿ ಹತ್ತುತ್ತವೆ. ದೊಡ್ಡಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ತುಟಿ ಕೊನೆಯ ಮನೆಗೆ ಬಂದಾಗ ನಿಂತುಬಿಡುತ್ತದೆ.

ಈಗ ನಿನ್ನದು.

ನಿನ್ನೆ ಟ್ರ್ಯಾಕ್ಟರು ಹೋದ ಮೇಲೆ ನಿನ್ನ ಕಾಗದ ಒಡೆದೆ. ಅಕ್ಟೋಬರ್ ಐದು ಎಂದಿತ್ತು. ಬೆಕ್ಕು ಈಗ ಮರಿ ಹಾಕಿದೆ! ಹಿಂದಿನ ಕಾಗದದಲ್ಲಿ ಕಣ್ಣು ಬಿಟ್ಟಿದ್ದವು, ಅದರ ಹಿಂದಿನದರಲ್ಲಿ ಪೆಡಲ್ಲಿನ ಮೇಲೆ ಕುಣಿಯುತ್ತಿದ್ದವು. ಮೂರೂ ಕಾಗದವನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ಮರಿಗಳು ದಿನದಿಂದ ದಿನಕ್ಕೆ ಚಿಕ್ಕವಾಗುತ್ತಿವೆ. ಮೇಲಿದ್ದದ್ದನ್ನು ಮೊದಲು ಎತ್ತುವವನು ಯಾರು ಎಂದು ಹೊಳೆಯಲು ಹೊತ್ತು ಬೇಕಾಗಲಿಲ್ಲ. ಮೂರನ್ನೂ ಒಂದೇ ಸಲ ಬರೆದು, ಒಂದರ ಮೇಲೊಂದು ಜೋಡಿಸಿ, ವಾರಕ್ಕೊಂದು ಹಾಕು ಎಂದು ಇಸ್ತ್ರಿಯವನಿಗೆ ಕೊಟ್ಟು ನೀನು ಎಲ್ಲಿಗೋ ಹೋಗಿದ್ದೀ.

ಮೂರರ ಮೊದಲ ಸಾಲೂ ಒಂದೇ. ನಾನು ಚೆನ್ನಾಗಿದ್ದೇನೆ, ನಾನು ಚೆನ್ನಾಗಿದ್ದೇನೆ, ನಾನು ಚೆನ್ನಾಗಿದ್ದೇನೆ. ಹಗ್ಗದ ಮಾತಿಲ್ಲ. ಗಂಟಿನ ಮಾತಿಲ್ಲ. ನಾನು ಸಾವಿನ ಸುದ್ದಿ ಬರೆದರೆ ನೀನು ಮರಿಗಳ ಸುದ್ದಿ ಕೊಡುತ್ತೀ. ಕಾಗದ ಬಂತು, ಅಕ್ಕ ಚೆನ್ನಾಗಿದ್ದಾಳೆ ಎಂದುಕೊಂಡು ನಾನು ಮಲಗಿದೆ. ದೊಡ್ಡಮ್ಮನೂ ಹಾಗೇ ಮಲಗಿದ್ದರು.

ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ, ಹೌದು. ಕಾಗದ ಹರಿಯುವಷ್ಟು ಗೀಚಿದ್ದೀ, ಒಂದಕ್ಷರವೂ ತಿಳಿಯಲಿಲ್ಲ. ಅಲ್ಲಿ ಏನಿತ್ತು? ನೀನೂ ದೀಪಕ್ಕೆ ಚಪ್ಪಲಿ ಎಸೆದಿದ್ದೆಯಾ ಅಕ್ಕಾ?

ಕಣಿವೆಯ ಕೆಳಗಿನ ಊರಿಗೆ ಹೆರಿಗೆಗೆ ಹೊರಟಿರುವ ದೊಡ್ಡಮ್ಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಅಲ್ಲಿ ಅಂಚೆಗೆ ಹಾಕುತ್ತಾರೆ. ಬೆಕ್ಕಿನ ಕಥೆ ಬೇಡ. ಕತ್ತಲಾಗಿದ್ದರೆ ಕತ್ತಲಾಗಿದೆ ಎಂದು ಬರೆ. ಆಜ್ಞೆ ಗೀಜ್ಞೆ ಅತ್ತ ಇರಲಿ, ನಡೆದಾದರೂ ಬರುತ್ತೇನೆ. ಏನೂ ಬರಲಿಲ್ಲವೆಂದರೂ ಬರುತ್ತೇನೆ. ಇನ್ನು ಮೇಲೆ ನಿನ್ನ ಸುಮ್ಮನಿರುವಿಕೆಯನ್ನೂ ನಾನು ನಂಬುವುದಿಲ್ಲ.

ಮೊಂಡ

*

ನವೆಂಬರ್ 1

ಮೊಂಡಾ,

ಅಕ್ಷರ ನೋಡಿ ಹೆದರಬೇಡ. ಎಡಗೈ. ಒಂದು ಸಾಲಿಗೆ ಒಂದು ಲೋಟ ಟೀ ಆರುತ್ತದೆ. ಅದಕ್ಕೇ ಚಿಕ್ಕದಾಗಿ.

ನೀನು ಕೇಳಿದ್ದಕ್ಕೆಲ್ಲ ಉತ್ತರ.

ಗಂಟು ಕೊಬ್ಬಿನದಲ್ಲ. ಕೆಟ್ಟದ್ದು. ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಕೈಯ ನರಕ್ಕೆ ಸುತ್ತಿಕೊಂಡಿತ್ತು. ನೀನು ದೀಪ ಹತ್ತಿಸಿದ ದಿನವೇ ತೆಗೆದರು. ಬಲಗೈ ಇನ್ನು ಏಳುವುದಿಲ್ಲ. ಅಕ್ಷರ ಬದಲಾದರೆ ನಿನಗೆ ತಿಳಿದುಬಿಡುತ್ತದೆ ಎಂದು, ಕೈ ಇರುವಾಗಲೇ ಬರೆದಿಟ್ಟೆ. ಮೂರು ವಾರದಲ್ಲಿ ಎದ್ದು ಕೂರುತ್ತೇನೆ, ಆಮೇಲೆ ಏನಾದರೂ ನೆಪ ಹೇಳೋಣ ಎಂದುಕೊಂಡಿದ್ದೆ.

ಇಸ್ತ್ರಿಯವನು ನಿನ್ನ ಕಾಗದ ಓದಿ ಹೇಳುತ್ತ ಅತ್ತ. ಗುಡ್ಡೆಯ ತಪ್ಪಿಗೆ ನನ್ನ ಕಾಲು ಮುಟ್ಟಲು ಬಂದ. “ನಿನ್ನ ತಪ್ಪಿಂದಲೇ ಮೊಂಡನಿಗೆ ಗೊತ್ತಾಯ್ತು ಮಾರಾಯ” ಎಂದೆ. ಬೆಕ್ಕು ಗಂಡಂತೆ. ಅವನೇ ಹೇಳಿದ. ನನಗೆ ಗೊತ್ತೇ ಇರಲಿಲ್ಲ.

ಮಾವನನ್ನು ಕೊಂದೆ ಅಂದಿದ್ದೀ. ಇಲ್ಲ ಎಂದು ನಿನ್ನನ್ನು ಸಮಾಧಾನ ಮಾಡಲಾರೆ. ಅಳೆಯದೆ ಕತ್ತರಿಸಿದೆ. ನಾನೂ ಅದನ್ನೇ ಮಾಡಿದೆ. ನೀನು ಬಂದರೆ ಕೆಡುತ್ತೀ ಎಂದು ನಾನೇ ಲೆಕ್ಕ ಹಾಕಿಬಿಟ್ಟೆ. ನಿನ್ನನ್ನು ಕೇಳಲಿಲ್ಲ.

ಹಗ್ಗ ತಲುಪಿತು. ಬಟ್ಟೆ ಹಾಕಿಲ್ಲ. ಮಂಚದ ಕಾಲಿಗೆ ಕಟ್ಟಿಸಿಕೊಂಡಿದ್ದೇನೆ. ಅದನ್ನು ಎಡಗೈಯಲ್ಲಿ ಹಿಡಿದು ಎಳೆದರೇ ನಾನು ಎದ್ದು ಕೂರುವುದು. ಈ ಕಾಗದಕ್ಕೂ ಹಾಗೇ ಎದ್ದೆ. ಎಮ್ಮೆಯನ್ನೂ ತಡೆಯುತ್ತದೆ ಎಂದು ಅವರು ಹೇಳಿದ್ದು ನಿಜ. ದೊಡ್ಡಮ್ಮನಿಗೆ ಹೇಳು.

ಹೊಡೆದು ಹಾಕಿದ ಸಾಲು ಕೇಳಿದೆಯಲ್ಲ.

ನನಗೆ ಭಯವಾಗುತ್ತಿದೆ, ಬಾ.

ಈ ಸಲ ಹೊಡೆದು ಹಾಕಿಲ್ಲ.

ಅಕ್ಕ